ಹರ್ಲಿಂಗ್ ಕ್ರೀಡೆಯಲ್ಲಿ ಮೇಲ್ತಡೆಯ ಶಿಕ್ಷಣಕ್ರಮ

ಐರ್ಲೆಂಡ್ ದೇಶದ ಪ್ರಾಚೀನ ವೀರಕಥೆಗಳಲ್ಲಿ ‘ಟಾಯಿನ್ ಬೋ ಕೂಲ್ನ್ಯ’ ಎಂಬುದು ಅಗ್ರಗಣ್ಯವಾದುದು. ಅದರ ಹೆಸರಿನ ಅರ್ಥವು ‘ಕೂಲ್ನ್ಯದ ಗೋಗ್ರಹಣ’ ಎಂದು. ನಮ್ಮ ವಿರಾಟಪರ್ವವನ್ನೂ ವೀರಗಲ್ಲುಗಳಲ್ಲಿ ಬರುವ ತುರುಗೋಳನ್ನೂ ಬಲ್ಲವರಿಗೆ ಇದರ ವಸ್ತುವು ಅಪರಿಚಿತವೆನಿಸದು. 12ನೆಯ ಶತಮಾನದ ಹಸ್ತಪ್ರತಿಗಳಲ್ಲಿ ಉಳಿದುಬಂದಿರುವ ಈ ಕಥೆಯಲ್ಲಿ, ಸೆತಾಂತನೆಂಬ ಬಾಲಕನು ಕೋಲನ್ನೂ ಚೆಂಡನ್ನೂ ಹಿಡಿದು ರಾಜಧಾನಿಯ ಆಟದ ಬಯಲಿಗೆ ಒಬ್ಬನೇ ಬರುತ್ತಾನೆ. ಅಲ್ಲಿದ್ದ ನೂರೈವತ್ತು ಮಂದಿ ಬಾಲಕರು ತಮ್ಮ ಚೆಂಡುಗಳನ್ನೆಲ್ಲ ಅವನ ಮೇಲೆ ಎಸೆಯಲು ಅವನು ಅವುಗಳನ್ನು ಎದೆಯಲ್ಲಿಯೇ ಹಿಡಿಯುತ್ತಾನೆ. ಕೋಲುಗಳನ್ನು ಎಸೆಯಲು ಅವು ತನಗೆ ತಾಕದಂತೆ ತಡೆಯುತ್ತಾನೆ. ಈ ಬಾಲಕನೇ ಮುಂದೆ ಕೂ ಖುಲಿನ್ ಎಂಬ ಮಹಾವೀರನಾದವನು. ಕವಿಯು ಅವನ ಶೌರ್ಯವನ್ನು ಮೊದಲು ತೋರಿಸುವುದು ಹೊಡೆತದಲ್ಲಿ ಅಲ್ಲ, ತಡೆಯಲ್ಲಿ ಎಂಬುದು ಗಮನಾರ್ಹವಾಗಿದೆ. ಆ ತಡೆಯ ಒಂದು ಪ್ರಭೇದವನ್ನು ಈಗಿನ ಕಾಲದಲ್ಲಿ ಬಾಲಕರಿಗೆ ಹೇಗೆ ಕಲಿಸುತ್ತಾರೆಂಬುದನ್ನು ನಿರೂಪಿಸುವುದು ಈ ಲೇಖನದ ಉದ್ದೇಶ.

ಕ್ರೀಡೆಯ ಸ್ವರೂಪವನ್ನು ಎರಡು ಮಾತಿನಲ್ಲಿ ಹೇಳಬಹುದು. ಪಕ್ಷವೊಂದಕ್ಕೆ 15 ಮಂದಿ. ಬಯಲಿನ ಉದ್ದವು 130ರಿಂದ 145 ಮೀಟರು. ಎರಡು ಕಂಬಗಳ ನಡುವೆ 2.5 ಮೀಟರು ಎತ್ತರದಲ್ಲಿ ಒಂದು ಅಡ್ಡಪಟ್ಟಿ. ಚೆಂಡು ಅದರ ಕೆಳಗೆ ನುಗ್ಗಿದರೆ 3 ಅಂಕ, ಮೇಲೆ ಹಾದುಹೋದರೆ 1 ಅಂಕ. 1884ರಲ್ಲಿ ಸ್ಥಾಪಿತವಾದ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಈ ಆಟಕ್ಕೆ ನಿಯಮಗಳನ್ನು ಕಟ್ಟಿಕೊಟ್ಟಿತು. 2018ರಲ್ಲಿ ಯುನೆಸ್ಕೊ ಸಂಸ್ಥೆಯು ಇದನ್ನು ಮಾನವಕುಲದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಸ್ತ್ರೀಯರು ಆಡುವ ಇದರ ರೂಪಕ್ಕೆ ಕಮೋಗಿ ಎಂದು ಹೆಸರು.

ಪರಿಭಾಷೆಯ ವಿಚಾರದಲ್ಲಿ ಸ್ವಲ್ಪ ನಿಲ್ಲಬೇಕಾಗಿದೆ. ಆಟದ ಕೋಲಿಗೆ ಐರಿಷ್ ಭಾಷೆಯಲ್ಲಿ ‘ಕಮಾನ್’ ಎನ್ನುತ್ತಾರೆ. ಇದನ್ನು ಕೇಳಿದೊಡನೆ ನಮ್ಮ ‘ಕಮಾನು’ ನೆನಪಿಗೆ ಬರುವುದು ಸಹಜ. ಆದರೆ ನಮ್ಮದು ಪಾರಸೀಕದಿಂದ ಬಂದುದು, ಬಿಲ್ಲೆಂಬ ಅರ್ಥದ್ದು. ಅವರದು ‘ಬಾಗಿದುದು’ ಎಂಬರ್ಥದ ‘ಕಮ್’ ಎಂಬ ಸ್ವಂತ ಶಬ್ದದಿಂದ ಹುಟ್ಟಿದುದು. ಧ್ವನಿಸಾಮ್ಯ ಒಂದರಿಂದಲೇ ಬಾಂಧವ್ಯವನ್ನು ಸಾಧಿಸುವ ಉತ್ಸಾಹವು ನಮ್ಮಲ್ಲಿ ಈಗಾಗಲೇ ಸಾಕಷ್ಟಿದೆ. ಅದಕ್ಕೆ ಇನ್ನೊಂದು ಉದಾಹರಣೆಯನ್ನು ಒದಗಿಸುವುದು ಬೇಡ. ಇದಕ್ಕಿಂತ ಉಪಯುಕ್ತವಾದ ಶಬ್ದವು ‘ಬಸ್’. ಕೋಲಿನ ತುದಿಯ ಅಗಲವಾದ ಹಲಗೆಯಂತಹ ಭಾಗಕ್ಕೆ ಈ ಹೆಸರು. ಐರಿಷ್ ಭಾಷೆಯಲ್ಲಿ ಇದರ ಮೂಲಾರ್ಥ ‘ಅಂಗೈ’. ಎಂದರೆ ಆ ಜನರ ಭಾವನೆಯಲ್ಲಿ ಕೋಲು ಆಯುಧವಲ್ಲ, ನೀಳವಾದ ಕೈ. ಈ ಒಂದು ಅರ್ಥವನ್ನು ಗ್ರಹಿಸಿದರೆ ಮುಂದೆ ಹೇಳುವ ಶಿಕ್ಷಣದ ಅರ್ಧಭಾಗವು ತಿಳಿದಂತಾಯಿತು.

ತಲೆಯ ಮೇಲಿನ ಎತ್ತರದಲ್ಲಿ ಬರುವ ಚೆಂಡನ್ನು ಆಟಗಾರನು ಮೂರು ಬಗೆಯಲ್ಲಿ ಎದುರಿಸಬಹುದು: ಬರಿಗೈಯಿಂದ ಹಿಡಿಯಬಹುದು, ಗಾಳಿಯಲ್ಲಿಯೇ ಕೋಲು ಬೀಸಿ ಮುಂದಕ್ಕೆ ಹೊಡೆಯಬಹುದು, ಅಥವಾ ಕೋಲಿನ ಅಂಗೈಯನ್ನು ಅಡ್ಡಹಿಡಿದು ಅದರ ವೇಗವನ್ನು ಮುರಿದು ತನ್ನ ಮುಂದೆ ಬೀಳಿಸಿಕೊಳ್ಳಬಹುದು. ಮೂರನೆಯದೇ ಪ್ರಕೃತ ವಿಷಯ. ಇದನ್ನು ‘ಊರ್ಧ್ವರೋಧ’ ಎನ್ನಲು ನಮ್ಮ ಅಭ್ಯಾಸವು ಪ್ರೇರಿಸುತ್ತದೆಯಾದರೂ ಆಟದ ಬಯಲಿನಲ್ಲಿ ಕೂಗಿ ಹೇಳಲು ‘ಮೇಲ್ತಡೆ’ ಎಂಬುದೇ ಲೇಸು. ಎದುರಾಳಿಯ ಹೊಡೆತವನ್ನು ಅವನ ಕೋಲಿನ ಬಳಿಯಲ್ಲಿಯೇ ಅಡಗಿಸುವ ಕೆಳತಡೆಯಾಗಲಿ, ಅವನ ಬೀಸನ್ನು ಹಿಂದಿನಿಂದ ಕೊಕ್ಕೆಹಾಕಿ ನಿಲ್ಲಿಸುವುದಾಗಲಿ ಬೇರೆ ವಿದ್ಯೆಗಳು. ಅಲ್ಲಿ ತಡೆಯುವುದು ಮನುಷ್ಯನ ಕ್ರಿಯೆಯನ್ನು, ಇಲ್ಲಿ ಚೆಂಡನ್ನು.

ಕೈಯಿಂದಲೇ ಹಿಡಿಯಬಹುದಾಗಿರಲು ಈ ಪ್ರಯಾಸವೇಕೆ ಎಂದು ಕೇಳಬಹುದು. ‘ಸ್ಲಿಟರ್’ ಎಂಬ ಈ ಚೆಂಡಿನ ತೂಕ 110ರಿಂದ 120 ಗ್ರಾಮು. ಚರ್ಮದ ಹೊದಿಕೆ, ಮೇಲೆ ಏಣುಗಳು. ಅದು 80 ಮೀಟರು ದೂರದಿಂದ ಇಳಿಯುವ ಜಾಗದಲ್ಲಿ ನಾಲ್ಕಾರು ಕೋಲುಗಳು ಏಕಕಾಲದಲ್ಲಿ ಮೇಲಕ್ಕೇಳುತ್ತವೆ. ಅವುಗಳ ನಡುವೆ ಬೆರಳುಗಳನ್ನು ಚಾಚುವುದು ಸಾಹಸವೇ ಸರಿ. ಮುಖಕವಚವುಳ್ಳ ಶಿರಸ್ತ್ರಾಣವು 2010ರಿಂದ ಎಲ್ಲ ಆಟಗಾರರಿಗೂ ಕಡ್ಡಾಯವಾಗಿದೆ. ಬೆರಳುಗಳಿಗೆ ಅಂತಹ ಕಡ್ಡಾಯದ ರಕ್ಷಣೆಯಿಲ್ಲ. ಮೇಲಾಗಿ ಕೋಲು ಹಿಡಿದ ತೋಳಿನ ನಿಲುಕು ಬರಿಗೈಯ ನಿಲುಕಿಗಿಂತ ಬಹಳ ಹೆಚ್ಚು. ಗೋಲಿನ ಮುಂದೆ ನಿಂತವನು ಅಡ್ಡಪಟ್ಟಿಯ ಮೇಲೆ ಹಾದುಹೋಗುವ ಚೆಂಡನ್ನು ತಡೆದು 1 ಅಂಕವನ್ನು ಉಳಿಸುವುದು ಈ ನಿಲುಕಿನಿಂದಲೇ.

ಇನ್ನು ಕ್ರಮ. ಬಲಗೈಯವನಾದರೆ ಬಲಗೈ ಕೋಲಿನ ಹಿಡಿಯ ತುದಿಯಲ್ಲಿರಬೇಕು. ಅವಕಾಶವಿದ್ದರೆ ಎಡಗೈ ಅದಕ್ಕೆ ಒತ್ತಾಗಿರಬೇಕು. ಆಟಗಾರನು ಮೊದಲು ಕಾಲಿನಿಂದ ಚೆಂಡಿನ ದಾರಿಗೆ ಬರಬೇಕು, ಅನಂತರ ಕೋಲೆತ್ತಬೇಕು. ಕೋಲನ್ನು ಎತ್ತಿಕೊಂಡು ಓಡುವವನ ದೃಷ್ಟಿಯು ಚಂಚಲವಾಗುತ್ತದೆ. ಚೆಂಡನ್ನು ಸಂಧಿಸುವ ಸ್ಥಳವು ನೆತ್ತಿಯ ನೇರಕ್ಕಲ್ಲ, ಅದಕ್ಕಿಂತ ತುಸು ಮುಂದೆ. ಅಂಗೈಯು ಚೆಂಡಿಗೆ ಪೂರ್ಣವಾಗಿ ಮುಖಮಾಡಿ, ಅದರ ಮೇಲಂಚು ಅಲ್ಪವಾಗಿ ಮುಂದಕ್ಕೆ ಬಾಗಿರಬೇಕು. ಹಿಂದಕ್ಕೆ ಬಾಗಿದರೆ ಚೆಂಡು ತಲೆಯ ಮೇಲಿಂದ ಹಾರಿಹೋಗುತ್ತದೆ. ಮುಂದಕ್ಕೆ ಬಾಗಿದರೆ ಕಾಲಬುಡಕ್ಕೆ ಬೀಳುತ್ತದೆ. ಅಂಗೈಯ ಅಗಲವು ನಿಯಮದಂತೆ 13 ಸೆಂಟಿಮೀಟರನ್ನು ಮೀರಲಾಗದು. ಚೆಂಡಿನ ವ್ಯಾಸ ಸುಮಾರು 7. ಮಧ್ಯಕ್ಕೆ ತಾಗಿದರೂ ಎಡಬಲಗಳಲ್ಲಿ ಉಳಿಯುವುದು 3 ಸೆಂಟಿಮೀಟರು ಮಾತ್ರ. ಆದುದರಿಂದ ಇಲ್ಲಿ ಬೀಸು ಕೂಡದು. ಮಣಿಕಟ್ಟು ಗಟ್ಟಿಯಾಗಿದ್ದು ಮೊಳಕೈ ಮಾತ್ರ ಕೊಂಚ ಸಡಿಲಬೇಕು. ಮಳೆಯ ನೀರಿಗೆ ಕೈಯೊಡ್ಡುವವನು ಕೈ ಬೀಸುವನೆ?

ಬಾಲಕರಲ್ಲಿ ಕಾಣುವ ಮುಖ್ಯ ದೋಷವು ಭಯ. ಚೆಂಡು ಸಮೀಪಿಸಿದಾಗ ಕಣ್ಣು ಮುಚ್ಚುವುದು, ಮುಖ ತಿರುಗಿಸುವುದು, ಕೊನೆಯ ಕ್ಷಣದಲ್ಲಿ ಕೋಲನ್ನು ಬೀಸಿಬಿಡುವುದು ಇವೆಲ್ಲ ಅದರ ಸಂತಾನ. ಇದನ್ನು ಬೈಗಳಿಂದ ಕಳೆಯಲಾಗದು. ಮೊದಲು ಗಾಳಿತುಂಬಿದ ಹಗುರವಾದ ದೊಡ್ಡ ಚೆಂಡು. ಅದನ್ನು ಮೂರು ನಾಲ್ಕು ಹೆಜ್ಜೆಯ ದೂರದಿಂದ ಗೆಳೆಯನು ಕೈಯಿಂದ ಮೇಲಕ್ಕೆ ಎಸೆಯಬೇಕು. ಬಳಿಕ ಮೃದುವಾದ ಸಣ್ಣ ಚೆಂಡು, ಆ ಮೇಲೆ ನಿಜವಾದ ಸ್ಲಿಟರ್. ಅನಂತರ ದೂರ, ಅನಂತರ ಎತ್ತರ. ಒಮ್ಮೆಗೆ ಒಂದೇ ಕಷ್ಟವನ್ನು ಕೂಡಿಸಬೇಕು. ಪಾಠಶಾಲೆಯಲ್ಲಿ ಸಂಧಿಯು ತಿಳಿಯುವ ಮೊದಲೇ ಸಮಾಸವನ್ನು ಹೇರಿಸಿಕೊಂಡು ಕಣ್ಣೀರಿಟ್ಟ ಅನುಭವವು ನಮಗುಂಟಾದುದರಿಂದ ಈ ಕ್ರಮದ ಬೆಲೆಯನ್ನು ಬಲ್ಲೆವು. ಕೋಲಿನ ಉದ್ದವನ್ನೂ ನೋಡಬೇಕು. ಅಣ್ಣನ ಕೋಲನ್ನು ಹಿಡಿದು ಬಂದ ಹುಡುಗನಿಗೆ ಎಷ್ಟು ಬೋಧಿಸಿದರೂ ತುದಿಯ ಭಾರವು ಮಣಿಕಟ್ಟನ್ನು ತಿರುಗಿಸಿಬಿಡುತ್ತದೆ.

ದೋಷವನ್ನು ಹುಡುಕಲು ಅಲ್ಲಿನ ಶಿಕ್ಷಕರು ಶಿರಸ್ಸು, ಹಸ್ತ, ಪಾದ ಎಂಬ ಮೂರು ಸ್ಥಾನಗಳನ್ನು ಕ್ರಮವಾಗಿ ಪರೀಕ್ಷಿಸುವ ಪದ್ಧತಿಯುಂಟು. ನಾಟ್ಯಶಾಸ್ತ್ರದ ಷಡಂಗಗಳಲ್ಲಿಯೂ ಮೊದಲನೆಯದು ಶಿರಸ್ಸು, ಎರಡನೆಯದು ಹಸ್ತ, ಕೊನೆಯದು ಪಾದ. ಇದು ಕಾಕತಾಳೀಯವಾದರೂ ಚೋದ್ಯವಾಗಿದೆ. ನಮ್ಮ ಅಭಿಪ್ರಾಯದಲ್ಲಿ ಮೇಲ್ತಡೆಯ ಮಟ್ಟಿಗೆ ಈ ಕ್ರಮವನ್ನು ತಿರುವುಮುರುವು ಮಾಡಿ ಪಾದದಿಂದಲೇ ಆರಂಭಿಸುವುದು ಯುಕ್ತ. ಕೈಯ ತಪ್ಪೆಂದು ತೋರುವುದು ಅನೇಕವೇಳೆ ಕಾಲು ತಡವಾಗಿ ಬಂದುದರ ಫಲವಾಗಿರುತ್ತದೆ.

ಎದುರಾಳಿಯನ್ನು ಕೊನೆಗೆ ಸೇರಿಸಬೇಕು. ಮೊದಲು ಅವನು ಸುಮ್ಮನೆ ಪಕ್ಕದಲ್ಲಿ ನಿಲ್ಲಲಿ. ಆಮೇಲೆ ಕೋಲನ್ನು ಎತ್ತಲಿ. ಕಡೆಗೆ ನಿಜವಾಗಿ ಸ್ಪರ್ಧಿಸಲಿ. ಈ ಹಂತದಲ್ಲಿ ಹೊಸದೊಂದು ಪಾಠವು ಬರುತ್ತದೆ: ತಡೆದ ಚೆಂಡು ಇನ್ನೂ ಯಾರ ಸ್ವತ್ತೂ ಅಲ್ಲ. ನೆಲದ ಮೇಲಿನ ಚೆಂಡನ್ನು ಕೈಯಿಂದ ಎತ್ತಿಕೊಳ್ಳಲು ನಿಯಮವು ಒಪ್ಪುವುದಿಲ್ಲ, ಕೋಲಿನಿಂದಲೇ ಎಬ್ಬಿಸಬೇಕು. ಆದಕಾರಣ ಚೆಂಡು ಬಿದ್ದೊಡನೆ ಮೊಣಕಾಲು ಬಗ್ಗಿಸಿ ಅದರ ಮೇಲೆ ಮೈಯನ್ನು ತರುವವರೆಗೂ ತಡೆಯು ಮುಗಿಯಲಿಲ್ಲವೆಂದೇ ಹುಡುಗನಿಗೆ ಹೇಳಬೇಕು. ತಾನು ತಡೆದುದನ್ನು ನೋಡುತ್ತ ನಿಂತವನ ಕಾಲಬುಡದಿಂದಲೇ ಎದುರಾಳಿಯು ಅದನ್ನು ಕೊಂಡೊಯ್ಯುತ್ತಾನೆ.