ನೀಲಿ ಬೆಳಕು ತಡೆಯುವ ಕನ್ನಡಕ ಬೇಕೇ?

ಮಕ್ಕಳಿಗೆ ಕನ್ನಡಕ ಮಾಡಿಸಹೋದರೆ, ‘ನೀಲಿ ಬೆಳಕು ತಡೆಯುವ ಗಾಜು ಹಾಕಿಸಿ, ಮೊಬೈಲು ನೋಡಿದರೂ ಕಣ್ಣಿಗೆ ತೊಂದರೆಯಿಲ್ಲ’ ಎನ್ನುವ ಅಂಗಡಿಯವರುಂಟು. ಬೆಲೆಯೂ ಹೆಚ್ಚು. ಹೆತ್ತವರು ಹೆದರಿ ಒಪ್ಪುತ್ತಾರೆ.

2023ರಲ್ಲಿ ಕಾಕ್ರೇನ್ ಸಂಸ್ಥೆಯು ಆರು ದೇಶಗಳ 17 ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿತು. ಅಲ್ಪಾವಧಿಯ ಆ ಪ್ರಯೋಗಗಳಲ್ಲಿ, ಸಾದಾ ಗಾಜಿಗಿಂತ ಈ ಗಾಜಿನಿಂದ ಕಣ್ಣಿನ ಆಯಾಸ ಕಡಿಮೆಯಾದದ್ದು ಕಂಡುಬರಲಿಲ್ಲ, ದೃಷ್ಟಿಯೂ ಸುಧಾರಿಸಲಿಲ್ಲ. ಅಂಗಳದ ಬಿಸಿಲಿನ ನೀಲಿ ಬೆಳಕಿನ ಮುಂದೆ ಮೊಬೈಲಿನದು ತೀರ ಅಲ್ಪ. ಕಣ್ಣುರಿಗೆ ಕಾರಣ ಬೇರೆ: ಎವೆಯಿಕ್ಕದೆ ನೋಡುತ್ತಿದ್ದರೆ ಕಣ್ಣು ಒಣಗುತ್ತದೆ. ಆಗಾಗ ತಲೆಯೆತ್ತಿ ದೂರದ ತೆಂಗಿನ ಮರ ನೋಡುವುದಕ್ಕೆ ದುಡ್ಡು ಬೇಡ!

ಕರಿಹಲಗೆ ಕಾಣದೆ ಪಾಠದಲ್ಲಿ ಹಿಂದೆ ಬೀಳುವ ಮಕ್ಕಳನ್ನು ತರಗತಿಯಲ್ಲಿ ನಾವು ಕಾಣುತ್ತಲೇ ಇದ್ದೇವೆ. ಅವರ ಕಣ್ಣು ಪರೀಕ್ಷಿಸಿ ನಂಬರು ತಪ್ಪದಂತೆ ಕನ್ನಡಕ ಮಾಡಿಸಬೇಕು. ಅದಕ್ಕೆ ಸಾದಾ ಗಾಜೇ ಸಾಕು.