ಶೇವಳಾ ಮತ್ತು ಅದರ ಜೊತೆಗಾರ ಕಾಯಿ

ಮೇ ತಿಂಗಳ ಕೊನೆಗೆ ಒಂದೆರಡು ಮಳೆ ಬಿದ್ದರೆ ಸಾಕು, ಕಲ್ಯಾಣ್ ಸ್ಟೇಷನ್ ಹೊರಗಿನ ಮಾರ್ಕೆಟ್‌ನಲ್ಲಿ ಒಂದು ವಿಚಿತ್ರ ತರಕಾರಿ ಕಾಣಿಸಿಕೊಳ್ಳುತ್ತದೆ. ಬಾಳೆಯ ಮೊಗ್ಗನ್ನು ಎಳೆದು ಸಪೂರ ಮಾಡಿದಂಥ ಆಕಾರ, ಕಂದು ನೇರಳೆ ಬಣ್ಣ, ಕೆಳಗೆ ಉದ್ದನೆಯ ದಂಟು. ಐದಾರನ್ನು ಸೇರಿಸಿ ಕಟ್ಟು ಕಟ್ಟಿ, ಮುರಬಾಡ್, ಶಹಾಪುರ ಕಡೆಯ ಆದಿವಾಸಿ ಹೆಂಗಸರು ನೆಲದ ಮೇಲೆ ಹರಡಿ ಕೂತಿರುತ್ತಾರೆ. ಮರಾಠಿಯಲ್ಲಿ ಇದಕ್ಕೆ ಶೇವಳಾ ಎನ್ನುತ್ತಾರೆ. ಮಳೆ ಜೋರಾಗಿ ಹಿಡಿದ ಮೇಲೆ ಹುಡುಕಿದರೂ ಸಿಗುವುದಿಲ್ಲ.

ನಾನು ಶಹಾಡಿಗೆ ಬಂದ ಹೊಸದರಲ್ಲಿ, ಆಫೀಸು ಮುಗಿಸಿ ಕಸಾರಾ ಲೋಕಲ್ ಹಿಡಿಯುವ ಮೊದಲು, ಕುತೂಹಲಕ್ಕೆ ಒಂದು ಕಟ್ಟು ಕೊಂಡೆ. ಮಾರುವಾಕೆ ಜೊತೆಗೆ ಒಂದು ಹಿಡಿ ಹಸಿರು ಕಾಯಿಗಳನ್ನೂ ಚೀಲಕ್ಕೆ ಹಾಕಿದಳು. ನೋಡಲು ಎಳೆಯ ನೆಲ್ಲಿಕಾಯಿಯಂತೆ ಇದ್ದವು. ತರಕಾರಿಯವರು ಕೊತ್ತಂಬರಿ ಸೊಪ್ಪು ಕೊಸರು ಕೊಡುವಂತೆ ಇದೂ ಇರಬೇಕು ಎಂದುಕೊಂಡು ಕಾಯಿಯನ್ನು ಬದಿಗಿಟ್ಟು ಪಲ್ಯ ಮಾಡಿದೆ. ಎರಡು ತುತ್ತಿಗೇ ನಾಲಿಗೆ, ಗಂಟಲು ಎಲ್ಲ ಸೂಜಿ ಚುಚ್ಚಿದ ಹಾಗೆ ಆಯಿತು. ರಾತ್ರಿಯೆಲ್ಲ ಮಜ್ಜಿಗೆ ಕುಡಿದೆ.

ಮರುದಿನ ಕಾರ್ಕಳಕ್ಕೆ ಫೋನ್ ಮಾಡಿ ಅಮ್ಮನಿಗೆ ಹೇಳಿದರೆ ಅವರು ನಕ್ಕರು. "ಅದು ಕೆಸುವಿನ ಜಾತಿಯದ್ದೇ ಇರಬೇಕು ಮಾರಾಯ. ಹುಳಿ ಹಾಕದೆ ನಾನು ಯಾವತ್ತಾದರೂ ಪತ್ರೊಡೆ ಮಾಡಿದ್ದುಂಟಾ?"

ಅಮ್ಮ ಗಿಡವನ್ನು ನೋಡದೆಯೇ ಅದರ ಕುಟುಂಬವನ್ನು ಹೇಳಿಬಿಟ್ಟಿದ್ದರು. ಶೇವಳಾದ ಸಸ್ಯಶಾಸ್ತ್ರೀಯ ಹೆಸರು ಅಮಾರ್ಫೊಫ್ಯಾಲಸ್ ಕಮ್ಯುಟೇಟಸ್. ಅರೇಸಿ, ಅಂದರೆ ನಮ್ಮ ಕೆಸುವಿನ ಕುಟುಂಬಕ್ಕೆ ಸೇರಿದ್ದು. ಸುವರ್ಣಗೆಡ್ಡೆಗೆ ಹತ್ತಿರದ ಸಂಬಂಧಿ. ಪಶ್ಚಿಮ ಘಟ್ಟದ ಸೀಮೆಯ ಈ ಗಿಡ ಕರ್ನಾಟಕದಲ್ಲೂ ಇದೆ. ಇದೇ ಪಂಗಡದ ದೈತ್ಯ ಸುಮಾತ್ರಾದ ಕಾಡಿನದು. ಇಟಲಿಯ ಸಸ್ಯವಿಜ್ಞಾನಿ ಒದೊಆರ್ದೊ ಬೆಕ್ಕಾರಿ 1878ರಲ್ಲಿ ಅದನ್ನು ಕಂಡರು; 1889ರಲ್ಲಿ ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಅದು ಹೂಬಿಟ್ಟಾಗ ಜನ ಮುಗಿಬಿದ್ದು ನೋಡಿದರು. ಅದರ ತಮ್ಮನಂಥ ಗಿಡವೊಂದು ಕಲ್ಯಾಣದ ಫುಟ್‌ಪಾತಿನಲ್ಲಿ ಕಟ್ಟಿನ ಲೆಕ್ಕದಲ್ಲಿ ಮಾರಾಟವಾಗುತ್ತದೆ.

ಈ ಗಿಡದ ವರ್ಷದ ಲೆಕ್ಕವೇ ಬೇರೆ. ಬೇಸಿಗೆಯಿಡೀ ನೆಲದ ಮೇಲೆ ಏನೂ ಇರುವುದಿಲ್ಲ, ಗೆಡ್ಡೆ ಮಣ್ಣಿನೊಳಗೆ ಮಲಗಿರುತ್ತದೆ. ಮೊದಲ ಮಳೆಗೆ ಎಲೆಗೂ ಮುಂಚೆ ಹೂವೇ ಮೇಲೆ ಬರುತ್ತದೆ. ದೋಣಿಯಂಥ ಒಂದು ಹೊದಿಕೆ, ಅದರೊಳಗೆ ಒಂದು ದಿಂಡು. ದಿಂಡಿನ ಬುಡದಲ್ಲಿ ಹೆಣ್ಣು ಹೂಗಳು, ಅದರ ಮೇಲೆ ಗಂಡು ಹೂಗಳು, ತುದಿಗೆ ಉದ್ದನೆಯ ಕೊಂಬು. ಅರಳಿದಾಗ ಕೊಳೆತ ಮಾಂಸದ ವಾಸನೆ. ಆ ವಾಸನೆಗೆ ಬರುವ ಹುಳುಗಳಿಂದಲೇ ಪರಾಗಸ್ಪರ್ಶ. ಹೂವಿನ ಕಾಲ ಮುಗಿದ ಮೇಲೆ ಒಂದೇ ಒಂದು ಎಲೆ ಏಳುತ್ತದೆ. ನಾವು ಕಾಂಡ ಎಂದುಕೊಳ್ಳುವುದು ಆ ಎಲೆಯ ತೊಟ್ಟು. ಕೊಡೆಯಂತೆ ಹರಡಿದ್ದೆಲ್ಲ ಸೇರಿ ಒಂದು ಎಲೆ. ಮಳೆಗಾಲ ಕಳೆದ ಮೇಲೆ ಅದೂ ಒಣಗುತ್ತದೆ.

ತುರಿಕೆಗೆ ಕಾರಣ ಕ್ಯಾಲ್ಸಿಯಂ ಆಕ್ಸಲೇಟ್. ಗಿಡದ ಜೀವಕೋಶಗಳಲ್ಲಿ ಇದು ಸೂಜಿಯಂಥ ಹರಳುಗಳ ಕಟ್ಟಾಗಿ ಇರುತ್ತದೆ. ಜಗಿದಾಗ ಕೋಶ ಒಡೆದು ಹರಳುಗಳು ಬಾಯಿಗೆ ಚುಚ್ಚುತ್ತವೆ. ನೀರಿನಲ್ಲಿ ಕರಗದ ಕಾರಣ ಸುಮ್ಮನೆ ಬೇಯಿಸಿದರೆ ಸಾಲದು. ಕೆಸುವಿಗೆ ನಮ್ಮವರು ಹುಣಸೆಹುಳಿ ಹಿಡಿದದ್ದು ಇದಕ್ಕೇ. ಇಲ್ಲಿಯವರು ಶೇವಳಾಕ್ಕೆ ಹಿಡಿದದ್ದು ಕಾಕಡ್. ಅದು ಗರುಗಾ ಪಿನ್ನಾಟಾ ಎಂಬ ಕಾಡುಮರದ ಹುಳಿ ಕಾಯಿ.

ವಾರ ಕಳೆದು ಅದೇ ಜಾಗಕ್ಕೆ ಹೋದೆ. ಮಾವಶಿ ನನ್ನನ್ನು ಗುರುತಿಸಿದಳು. ಕಥೆ ಕೇಳಿ, "ಕಾಕಡ್ ಕೊಟ್ಟಿದ್ದೆನಲ್ಲ ಭಾವೂ, ಎಸೆದೆಯಾ?" ಎಂದು ಬೈದಳು. ಆಮೇಲೆ ಒಂದು ಶೇವಳಾ ಬಿಡಿಸಿ ತೋರಿಸಿದಳು. ದಿಂಡಿನ ಮೇಲಿನ ಹಳದಿ ತರಿತರಿ ಭಾಗವನ್ನು ತೆಗೆದುಹಾಕಬೇಕು, ಹೆಚ್ಚು ತುರಿಸುವುದು ಅದೇ. ಉಳಿದದ್ದನ್ನು ಸಣ್ಣಗೆ ಹೆಚ್ಚಿ ಎಣ್ಣೆಯಲ್ಲಿ ಚೆನ್ನಾಗಿ ಹುರಿಯಬೇಕು. ಕಾಕಡ್ ಜಜ್ಜಿ ಹಿಂಡಿದ ರಸ ಹಾಕಿ, ಕಡಲೆಬೇಳೆಯ ಜೊತೆ ನಿಧಾನಕ್ಕೆ ಬೇಯಿಸಬೇಕು. ಸಿಗಡಿ ಹಾಕುವವರೂ ಇದ್ದಾರೆ. ಆ ಸಲ ಗಂಟಲು ತುರಿಸಲಿಲ್ಲ. ಈಗ ನಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆ ಶೇವಳಾ ಆಗಲೇಬೇಕು.

ಆದರೆ ಗಿಡದ ವಿಷಯ ತಿಳಿದ ಮೇಲೆ ಕೊಳ್ಳುವಾಗ ಕೈ ಸ್ವಲ್ಪ ಹಿಂಜರಿಯುತ್ತದೆ. ನಾವು ತಿನ್ನುವುದು ಅರಳುವ ಮುಂಚಿನ ಹೂವನ್ನು. ಕಿತ್ತ ಹೂವಿಗೆ ಆ ವರ್ಷ ಬೀಜವಿಲ್ಲ. ಗೆಡ್ಡೆ ಉಳಿದರೆ ಗಿಡ ಉಳಿಯುತ್ತದೆ ನಿಜ, ಆದರೆ ಬೀಜವಿಲ್ಲದೆ ಅದು ಹೊಸ ಜಾಗಕ್ಕೆ ಹರಡುವುದು ಹೇಗೆ?

ಅದಕ್ಕಿಂತ ದೊಡ್ಡ ಚಿಂತೆ ಬೇರೆಯಿದೆ. ಶಹಾಡದಿಂದ ಮುರಬಾಡ್ ರಸ್ತೆಯಲ್ಲಿ ಮ್ಹಾರಳ್, ವರಪ್, ಕಾಂಬಾ ದಾಟಿ ಹೋದರೆ ಎರಡೂ ಬದಿಗೆ ಟವರುಗಳು ಏಳುತ್ತಿವೆ. ಜಾಗ ಸಮತಟ್ಟು ಮಾಡುವುದು ಬೇಸಿಗೆಯಲ್ಲಿ. ಜೆಸಿಬಿ ಬಂದಾಗ ಅಲ್ಲಿ ಶೇವಳಾ ಗಿಡವೇ ಕಾಣಿಸುವುದಿಲ್ಲ. ಬೋಳು ನೆಲ, ಒಣಹುಲ್ಲು, ಅಷ್ಟೇ. ಮರ ಕಡಿದರೆ ಯಾರಾದರೂ ಫೋಟೋ ತೆಗೆದು ಹಾಕುತ್ತಾರೆ. ಮಣ್ಣಿನೊಳಗಿನ ಗೆಡ್ಡೆ ಲಾರಿ ಹತ್ತಿದ್ದು ಯಾರಿಗೂ ತಿಳಿಯುವುದಿಲ್ಲ. ಅದು ಎಲ್ಲಿತ್ತು ಎಂದು ತಿಳಿದವಳು, ಕಳೆದ ಮಳೆಗಾಲದಲ್ಲಿ ಎಲೆ ಎಲ್ಲಿ ಎದ್ದಿತ್ತೆಂದು ನೆನಪಿಟ್ಟುಕೊಂಡು ಹುಡುಕುವ ಆ ಹೆಂಗಸು ಮಾತ್ರ.

ಹಾಗೆಂದು ಕೊಳ್ಳುವುದನ್ನೇ ಬಿಡಿ ಎನ್ನಲಾರೆ. ಆ ಕೆಲವು ವಾರಗಳ ವ್ಯಾಪಾರ ಅವರ ದುಡಿಮೆ. ಮನೆಗೆ ಒಂದು ಕಟ್ಟು ಸಾಕು, ಚೌಕಾಶಿ ಬೇಡ. ಕಾಡಿಗೆ ಹೋಗಿ ತಾವೇ ಕಿತ್ತು ತರುವ ಸಾಹಸ ಬೇಡ, ಗೆಡ್ಡೆ ಅಗೆಯುವುದಂತೂ ಬೇಡವೇ ಬೇಡ.

ಕಳೆದ ಜೂನ್‌ನಲ್ಲಿ ಅಮ್ಮ ಶಹಾಡಿಗೆ ಬಂದಿದ್ದರು. ಮಾವಶಿಯ ಎದುರು ಕುಕ್ಕರುಗಾಲಲ್ಲಿ ಕೂತು ಕಾಕಡ್ ಒಂದನ್ನು ಕಚ್ಚಿ ಮುಖ ಹಿಂಡಿದರು. ಇವರಿಗೆ ಮರಾಠಿ ಬಾರದು, ಅವಳಿಗೆ ಕನ್ನಡ ಬಾರದು. ಆದರೂ ಇಬ್ಬರೂ ಹತ್ತು ನಿಮಿಷ ಹುಳಿಯ ಬಗ್ಗೆಯೇ ಮಾತಾಡಿದರು. ಹೊರಡುವಾಗ ಮಾವಶಿ ಇನ್ನೊಂದು ಹಿಡಿ ಕಾಯಿ ಹಾಕಿದಳು. ಅಮ್ಮ ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡರು.