ರಕ್ತದ ಸಕ್ಕರೆ ಮತ್ತು ಮಕ್ಕಳ ಸೆಳವು

ಬಂಟ್ವಾಳದ ಬಿ.ಸಿ.ರೋಡಿನಲ್ಲಾಗಲಿ, ನಾಡಿನ ಬೇರೆಡೆಯಾಗಲಿ, ಮಗುವಿಗೆ ಸೆಳವು ಬಂದೊಡನೆ ಅದರ ಕೈಗೆ ಕಬ್ಬಿಣದ ಬೀಗದಕೈ ಇಡುವವರುಂಟು. ಆದರೆ ಕೆಲವು ಸೆಳವುಗಳ ಮೂಲ ರಕ್ತದಲ್ಲಿನ ಸಕ್ಕರೆಯ ಕೊರತೆ.

ಮೆದುಳಿನ ಮುಖ್ಯ ಇಂಧನ ಗ್ಲೂಕೋಸ್. ಊಟವಿಲ್ಲದ ವೇಳೆಯಲ್ಲಿ ಯಕೃತ್ತು ತಾನು ಕೂಡಿಟ್ಟುಕೊಂಡ ಗ್ಲೈಕೋಜನ್ನಿನಿಂದ ಅದನ್ನು ಒದಗಿಸುತ್ತದೆ. ಎಳೆಯ ಮಕ್ಕಳಲ್ಲಿ ಈ ಸಂಗ್ರಹ ಅಲ್ಪವಾದುದರಿಂದ ಬೇಗನೆ ತೀರುತ್ತದೆ. ಉಪವಾಸದಲ್ಲಿ ಸಾಮಾನ್ಯವಾಗಿ 100 ಮಿಲಿಲೀಟರ್ ರಕ್ತದಲ್ಲಿ 70ರಿಂದ 100 ಮಿಲಿಗ್ರಾಂನಷ್ಟಿರುವ ಸಕ್ಕರೆಯು 50ಕ್ಕೂ ಕೆಳಗಿಳಿದರೆ ಬೆವರು, ನಡುಕ, ಮಂಪರು ತೋರಿ, ಕಡೆಗೆ ಸೆಳವು ಬರಬಹುದು.

ಇದಕ್ಕೊಂದು ದಾರುಣ ನಿದರ್ಶನ ಬಿಹಾರದ ಮುಜಫರ್‌ಪುರದ್ದು. ಅಲ್ಲಿ ಹಲವು ವರ್ಷ ಬೇಸಿಗೆಯ ಮುಂಜಾವಿನಲ್ಲಿ ಮಕ್ಕಳು ಕಾರಣ ತಿಳಿಯದ ಸೆಳವಿಗೆ ತುತ್ತಾಗಿ ಸಾಯುತ್ತಿದ್ದರು. 2014ರಲ್ಲಿ ನಡೆದ ತನಿಖೆಯಲ್ಲಿ ಅನೇಕರ ರಕ್ತದ ಸಕ್ಕರೆ ಕುಸಿದಿದ್ದುದು ಕಂಡುಬಂದಿತು. ರಾತ್ರಿ ಉಣ್ಣದೆ ಮಲಗಿದ ಮಕ್ಕಳಲ್ಲಿ, ಅವರು ತಿಂದ ಲಿಚಿ ಹಣ್ಣಿನ ವಿಷಾಂಶವು ಸಕ್ಕರೆಯ ಉತ್ಪತ್ತಿಯನ್ನು ತಡೆಯುತ್ತಿತ್ತು.

ಆದುದರಿಂದ ಸೆಳವು ಬಂದ ಮಗುವನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಬಾಯಿಗೆ ಏನನ್ನೂ ಹಾಕದೆ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಒಂದು ಹನಿ ರಕ್ತದ ಪರೀಕ್ಷೆಯಿಂದ ಕೊರತೆ ತಿಳಿಯುತ್ತದೆ. ರಕ್ತನಾಳದ ಮೂಲಕ ಕೊಟ್ಟ ಗ್ಲೂಕೋಸ್ ದ್ರಾವಣವು ಮೆದುಳನ್ನು ಉಳಿಸಬಲ್ಲದು. ಬೀಗದಕೈ ಹುಡುಕುತ್ತ ಕಳೆಯುವ ನಿಮಿಷಗಳೇ ಮಗುವಿನ ಪಾಲಿಗೆ ಅಮೂಲ್ಯವಾದವು.